ವಸ್ತಿ ಬಸ್ಸಿನ್ಯಾಗ

ತಡವಲಗಾದ ವಸ್ತಿ. ಕಡೀ ಟಿಕೆಟು ಹರದು,
ಲೆಕ್ಕ ಕೂಡಿಸಿ, ಬುತ್ತಿ ಬಿಚ್ಚಿ ಉಂಡು,
ಹಿಂದಿನ ಉದ್ದ ಸೀಟಿನ ಮ್ಯಾಲ ಟವೆಲ್ ಹಾಸೀನಿ.
ಟವೆಲ್ ಮ್ಯಾಲ ಅದು:
ಅಂಗಿ ಕಿಸೆದಾಗ ಹಿಡಿಯೂವಂಥಾದ್ದು, ಬೂದಿ ಬಣ್ಣ,
ಸುಣ್ಣದ ಡಬ್ಬಿಗಿಂತ ನಾಕು ಬೆರಳು ದೊಡ್ಡದು.

ಬಿಜಾಪುರದ ಮಾರ್ಕೆಟ್ಟಿನ್ಯಾಗ ಮಾರಿದ ಹುಡುಗ ಹೇಳಿದ್ದ,
"ಜೋಡಿ ಬಂದ ಕಾರ್ಡ್ ನಂಬಬ್ಯಾಡ್ರಿ ಕಂಡಕ್ಟರ್ ಸಾಹೇಬ್ರ,
ತಿಂಗಳದಾಗ ಎಲ್ಲಾ ಮರೀತೈತಿ."
ಅದಕ್ಕ ಬ್ಯಾರೆ ಕಾರ್ಡ್, ಹೆಬ್ಬೆರಳ ಉಗುರಿನಷ್ಟ.
ಉಸಿರು ಬಿಗಿಹಿಡದು ಗೂಡಿಗೆ ತಳ್ಳಿದೆ.
ಜಾರಿ ಬಿದ್ದರ ಮುಗೀತು,
ಇಡೀ ದಿನದ ಶೇಂಗಾ ಸಿಪ್ಪಿ ಕೆಳಗ ಕಾಯಾಕತ್ತಿತ್ತು.

ಮಗಳು ದಾನೇಶ್ವರಿ ಲ್ಯಾಪ್‌ಟಾಪಿನಿಂದ ತುಂಬಿ ಕೊಟ್ಟಾಳ,
ಆಟಕ್ಕೊಂದು ಖೋಲಿ, ಹಾಡಿಗೊಂದು ಖೋಲಿ.
ಹೆಸರು ಕನ್ನಡದಾಗ ಇರಲಿ ಅಂದಾಂವ ನಾನ.
ಗುಂಡಿ ಒತ್ತಿದೆ. ಬೆಳಕಾತು.
ಹಾಡಿನ ಖೋಲಿಯೊಳಗ ಹೆಸರಿಲ್ಲ, ಏನಿಲ್ಲ,
ಬರೇ ಖಾಲಿ ಚೌಕ, ಸಾಲು ಹಚ್ಚಿ ಕುಂತಾವ
ನಂಬರ್ ಬರೀದ ಸೀಟಿನಂಗ.
ಈ ಯಂತ್ರಕ್ಕ ಚೀನಿ ಬರತೈತಿ, ಜಪಾನಿ ಬರತೈತಿ,
ನಮ್ಮ ಅಕ್ಷರ ನೋಡಿದರ ಕಣ್ಣು ಮುಚ್ಚತೈತಿ.
ಎಣಸಿಕೋತ ಕುಂತೆ. ಎಣಸೂದ ನನ್ನ ಕಸಬು.
ಭಜನಿಗೆ ನಾಕು ಚೌಕ.
ಸೋಬಾನೆ ಮೂರಕ್ಷರ, ಖರೆ ಚೌಕ ಆರು:
ಓತ್ವ, ದೀರ್ಘ, ಏತ್ವ, ಎಲ್ಲಾಕ್ಕೂ ಬ್ಯಾರೆ ಟಿಕೆಟು,
ಉಡ್ಯಾಗಿನ ಕೂಸಿಗೂ ಫುಲ್ ಚಾರ್ಜು.

ಗಡಿಯಾರದಾಗ ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು.
"ನಾ ಇನ್ನಾ ಹುಟ್ಟಿಲ್ಲ" ಅಂದೆ ಡ್ರೈವರ್ ಲಾಡ್ಲೇಸಾಬಗ.
"ನಾ ಹುಟ್ಟೀನಿ. ಅಂಬೆಗಾಲು" ಅಂದ,
ಮುಂದಿನ ಸೀಟಿನಿಂದ ಎದ್ದು ಬಂದ.

ಇಯರ್‌ಫೋನ್ ಒಂದು ಕಿವಿ ಅವಗ, ಒಂದು ನನಗ.
ಆರು ಚೌಕದ ಹಾಡು ಹಚ್ಚಿದೆ,
ನನ್ನಾಕಿ ನಾದಿನಿ ಲಗ್ನದಾಗ ಹಾಡಿದ್ದು,
ಹಿಂದ ಯಾರದೋ ಅಡಗಿಮನಿ ಕುಕ್ಕರು.
ಕುಕ್ಕರ್ ಒಂದ ಸೀಟಿ ಹೊಡೀತು;
ಲಾಡ್ಲೇಸಾಬನ ಬಲಗಾಲು ಪತ್ರಾ ಒತ್ತಿತು.
ಒಂದು ಸೀಟಿ ಅಂದರ ನಿಲ್ಲು.

ಆಮ್ಯಾಲ ಕಾರಿನ ಆಟ ಅವನ ಕೈಗಿಟ್ಟೆ.
ಮೂರು ಇಂಚಿನ ರಸ್ತಾ, ಕೆಂಪು ಕಾರು,
ಇಂಡಿ ಸ್ಟೇಷನ್ ಕಡೆ ಅಂಗಡ್ಯಾಗ
ತಾಸಿಗೆ ಐದು ರೂಪಾಯಿ ಕೊಟ್ಟು ನಾ ಆಡಿದ್ದು,
ಸಾಲಿ ತಪ್ಪಿಸಿದ್ದು, ಬೆಲ್ಟಿನ ಏಟು ತಿಂದಿದ್ದು, ಅದ ಆಟ.

ಅವಂದು ಮೂವತ್ತು ವರ್ಷ ಯಾರಿಗೂ ತಾಗಿಸದ ಕೈ.
ಹಾರ್ನ್ ಯಾವುದು ಅಂತ ಕೇಳಿದ.
ಇಲ್ಲ ಅಂದೆ.
ಹಾರ್ನ್ ಇಲ್ಲದ ಗಾಡಿ ಡಿಪೋದಿಂದ ಹೊರಗ ತಗೀಬಾರದು ಅಂದ,
ತಗದ. ಎಡಕ್ಕ ಹಿಡಕೊಂಡು ಹೊಂಟ.
ದಂಡಿಗೆ ಒಬ್ಬ ಮನಿಷ್ಯಾ, ಎಂಟತ್ತು ಚುಕ್ಕಿ ಕೂಡಿ ಆದಾಂವ,
ಬಾವುಟ ಬೀಸತಿದ್ದ, ಓಡು ಓಡು ಅಂತ.
ಲಾಡ್ಲೇಸಾಬ ಬ್ರೇಕ್ ಹಾಕಿದ.
"ಯಾಕ ನಿಂತಿ?"
"ಕೈ ಮಾಡಿದನಲ್ಲೋ."

ಉಳಿದ ಕಾರೆಲ್ಲಾ ಝುಂ ಅಂತ ಹಾದವು.
ಆ ಮನಿಷ್ಯಾ ಹತ್ತಲಿಲ್ಲ. ಚಿಲ್ರೆ ಇರಲಿಕ್ಕಿಲ್ಲ.
ಮುಂದಿನ ತಿರುವಿಗೆ ಮತ್ತೊಬ್ಬ, ಮತ್ತ ನಿಂತ.
ಹತ್ತು ಕಾರಿನ್ಯಾಗ ಹತ್ತನೇ ನಂಬರು.
ಕೆಂಪಕ್ಷರ ಬಡಕೊಂಡವು.
"ಏನಂತೈತಿ?"
"ಸೋತಿ ಅಂತೈತಿ."
"ಯಾರಿಗರೆ ತಾಗೇತೇನು?"
"ಇಲ್ಲ."
"ಮತ್ತ?"

ಉಳಿಸೂ ಗುಂಡಿ ಹುಡುಕಿದೆ.
ಈ ಯಂತ್ರದಾಗ ಹೌದು ಇದ್ದಲ್ಲಿ ಇಲ್ಲ, ಇಲ್ಲ ಇದ್ದಲ್ಲಿ ಹೌದು;
ಎರಡು ಸಲ ತಪ್ಪಿ, ಮೂರನೇದಕ್ಕ ಉಳೀತು
ಅವನ ಹತ್ತನೇ ನಂಬರು.

ಬ್ಯಾಟರಿ ಹನ್ನೊಂದು. ಸೀಟಿನ ಕೆಳಗ ಯಾರೋ ಮರೆತ
ನಿಂಬಿಹಣ್ಣಿನ ಚೀಲ, ಬಸ್ ತುಂಬ ಅದರ ವಾಸನಿ.
ಬೆಳಗಿನ ಐದು ನಲವತ್ತಕ್ಕ ಬಿಡಬೇಕು.
ಸೊಳ್ಳಿ ಬರತಾವಂತ ಕಿಟಕಿ ಏರಿಸಿ ಬಂದೆ.
ಲಾಡ್ಲೇಸಾಬ ಆಗಲೇ ಗೊರಕಿ,
ನಡುವ ಒಮ್ಮೆ ಬಲಗಾಲು ಮೆಲ್ಲಕ ಒತ್ತಿದ,
ಸ್ವಲ್ಪ ಹೊತ್ತು ಹಂಗ ಹಿಡದ,
ಬಿಟ್ಟ.