ನೂರಡಿ

ಸ್ಪೈಸ್ ಲಿಕ್ ಹಳ್ಳ, ವೆಸ್ಟ್ ವರ್ಜೀನಿಯಾ.
ಏಪ್ರಿಲ್ ಹದಿನೇಳು. ನೀರು ಹನ್ನೊಂದು ಡಿಗ್ರಿ.
ನಲವತ್ತೆರಡು ಕಲ್ಲು ಎತ್ತಿದ್ದೇನೆ, ಇದ್ದಲ್ಲೇ ಇಟ್ಟಿದ್ದೇನೆ.
ನಮೂನೆಯ ಕಾಲಮ್ಮಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ,
ಯಾವುದೋ ಮೀನು ಬಿಟ್ಟುಹೋದ ಗುಳ್ಳೆಗಳ ಸಾಲು.

ಸೊಂಟ ಬಗ್ಗುತ್ತಿಲ್ಲ ಅಂದದ್ದಕ್ಕೆ
ರಜೆಯ ದಿನ ತಮ್ಮ ಬಂದ, ವರ್ಲಿನ್.
ಕಾಲಿಗೆ ಅಪ್ಪನ ರಬ್ಬರ್ ಬೂಟು,
ಎಷ್ಟು ತೊಳೆದರೂ ಹೋಗದ ಕಲ್ಲಿದ್ದಲು
ಕಣ್ಣಂಚಿಗೆ ಕಾಡಿಗೆ ತೀಡಿದಂತೆ.
ವಾರಕ್ಕೆ ಆರು ಪಾಳಿ, ಮೇಲಿನ ಬೆಟ್ಟದಲ್ಲಿ
ಇನ್ನೂರು ಟನ್ನಿನ ಲಾರಿ ಓಡಿಸುತ್ತಾನೆ.
ಬೆಟ್ಟ ಅಂದೆನೆ? ಅಭ್ಯಾಸಬಲ.
ಈಗ ಅದಕ್ಕೆ ತಲೆಯಿಲ್ಲ.

ನಾನು ಹುಡುಕುವುದು ಬೆರಳುದ್ದದ ಜೀವ,
ಸೀಗಡಿಯೂ ಅಲ್ಲ, ಏಡಿಯೂ ಅಲ್ಲ,
ಹೆದರಿದರೆ ಹಿಂದಕ್ಕೆ ಈಜುತ್ತದೆ.
ಅಪ್ಪ ಅದನ್ನು ಗಾಳಕ್ಕೆ ಚುಚ್ಚುತ್ತಿದ್ದ,
ಒಂದು ಸಂಜೆಗೆ ಒಂದು ಡಬ್ಬಿ ತುಂಬ.
ಅದಕ್ಕೊಂದು ಲ್ಯಾಟಿನ್ ಹೆಸರಿದೆಯೆಂದು
ನಮಗೆ ಗೊತ್ತಾಗುವ ಹೊತ್ತಿಗೆ
ಡಬ್ಬಿ ಖಾಲಿ.

ಅದು ಇದ್ದರೆ ಹಳ್ಳದ ಎರಡೂ ದಡಕ್ಕೆ ನೂರಡಿ ಬಿಡಬೇಕು.
ಇಲ್ಲದಿದ್ದರೆ ಬೆಟ್ಟದ ತಲೆಯನ್ನು ತಂದು
ಇಲ್ಲೇ ಸುರಿಯಬಹುದು.

"ಎರಡನ್ನೂ ತೂಗಿಸಿಕೊಂಡು ಹೋಗೋಣ, ಡೆಲ್ಫಿಯಾ,"
ಅನ್ನುತ್ತಾನೆ ಕಂಪನಿಯ ಹುಡುಗ, ಒಳ್ಳೆಯವನೇ.
ನನಗೆ ಗೊತ್ತು ಈ ಕಪ್ಪೆ ತೂಗುವ ಕೆಲಸ.
ಹೋದ ವರ್ಷದ ವರದಿ ನಾನೇ ಬರೆದದ್ದು,
ಪಕ್ಕದ ಹಳ್ಳದ್ದು:
"ಇರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದು."
ಅಡ್ಡಗೋಡೆಯ ಮೇಲಿಟ್ಟ ದೀಪ.
ಅಲ್ಲೀಗ ಹಳ್ಳವಿಲ್ಲ. ಮಟ್ಟಸವಾದ ನೆಲ,
ಬೀಜ ಎರಚಿ ಬೆಳೆಸಿದ ಹುಲ್ಲು, ತುಂಬಾ ಹಸಿರು.

ನಲವತ್ಮೂರನೆಯದು ಚಪ್ಪಡಿ, ಒಲೆಯಷ್ಟಗಲ.
ವರ್ಲಿನ್ ಎತ್ತಿ ಹಿಡಿದ.
ಕದಡಿದ್ದು ತಿಳಿಯಾಗಲು ಕಾದೆವು.
ಕಾದೆವು.
ಕಲ್ಲಿನಡಿ, ಅವಳು.
ತಿಳಿನೀಲಿ ಇಕ್ಕಳವೆತ್ತಿ, ಬಾಲವನ್ನು ಹೊಟ್ಟೆಗೆ ಮಡಿಸಿ,
ಮಡಿಕೆಯ ತುಂಬ ಕಪ್ಪು ಮೊಟ್ಟೆ,
ಸಾಸಿವೆಗಿಂತ ತುಸು ದಪ್ಪ.

ಅಷ್ಟರಲ್ಲಿ ಮೇಲೆ ಮೂರು ಗಂಟೆಯ ಸೈರನ್.
ಆಮೇಲೆ ಸಿಡಿತ. ನೀರಿನ ಮೈ ನಡುಗಿತು.
ಅವಳು ಕದಲಲಿಲ್ಲ.
ಕಲ್ಲು ಹಿಡಿದ ಕೈಯೂ.

ಅವನು ಅದನ್ನು ಇಳಿಸಿದ್ದು ಹೇಗೆಂದರೆ,
ರಾತ್ರಿಪಾಳಿ ಮುಗಿಸಿ ಬಂದ ಗಂಡಸು
ಮಲಗುವ ಕೋಣೆಯ ಬಾಗಿಲು ಮುಚ್ಚುತ್ತಾನಲ್ಲ,
ಹಾಗೆ.

"ನೂರಡಿ ಅಂದರೆ ಎಲ್ಲೀತನಕ?"
ಕೇಳಿ, ಉತ್ತರಕ್ಕೆ ಕಾಯದೆ ದಡ ಹತ್ತಿದ,
ಎಣಿಸುತ್ತ, ಬೂಟಿನಲ್ಲಿ ನೀರು ಪಚಪಚ.

ಅವನು ಹೀಗೆ ಅಳೆದದ್ದು ಮುಂಚೆಯೂ ನೋಡಿದ್ದೇನೆ.
ಗೋರಿಗೂ ಕಾನೂನು ಬಿಡುವುದು ನೂರಡಿಯೇ.
ಸುತ್ತಲ ನೆಲ ಅಗೆದು ಇಳಿದುಹೋಗಿ
ಅಪ್ಪ ಈಗ ಎತ್ತರದಲ್ಲಿ, ಆರು ಓಕ್ ಮರಗಳ ಜೊತೆ;
ಹೂ ಇಡಲು ಹೋಗುವವರು
ಗೇಟಿನಲ್ಲಿ ಹೆಲ್ಮೆಟ್ ಹಾಕಿಕೊಳ್ಳಬೇಕು.
ಸತ್ತವರಿಗೆ ನೂರು, ಹಳ್ಳಕ್ಕೆ ನೂರು,
ಬದುಕಿರುವವರ ಮನೆಗೆ ಮುನ್ನೂರು,
ಮನೆಯವರು ಸಹಿ ಮಾಡಿಕೊಡದಿದ್ದರೆ.
ಅಮ್ಮನ ಆಸ್ಪತ್ರೆಯ ಬಿಲ್ಲು ಬಂದ ಚಳಿಗಾಲ
ನಾವು ಮಾಡಿಕೊಟ್ಟೆವು.

ಇಪ್ಪತ್ತನೆಯ ಹೆಜ್ಜೆಗೆ ಗುಲಾಬಿ ರಿಬ್ಬನ್ ದಾಟಿದ,
ಅಕ್ಟೋಬರಿನಿಂದ ಅವನ ಲಾರಿ ಓಡಬೇಕಾದ ದಾರಿಯ ಗುರುತು.
ಮೂವತ್ತಾರಕ್ಕೆ ನಿಂತ. ಹಿಮ್ಮಡಿಯಿಂದ ಮಣ್ಣು ಕೆದರಿ
ಒಂದು ಗೆರೆ ಹಾಕಿದ.
ರಿಬ್ಬನ್ ಕಡೆ ನೋಡಿದ. ಗೆರೆಯ ಕಡೆ ನೋಡಿದ.

"ಬರಿ," ಅಂದ ಅಲ್ಲಿಂದಲೇ.
"ಏನಂತ?"
"ಇದೆ ಅಂತ."

ಪೆನ್ಸಿಲ್ ಒದ್ದೆಯಾಗಿತ್ತು. ಎರಡು ಸಲ ಬರೆದ ಮೇಲೆ
ಒಂದು ಮೂಡಿತು.

ಅವನು ದಡದಲ್ಲಿ ಕೂತು ಬೂಟು ಬಗ್ಗಿಸಿ ನೀರು ಸುರಿದ.
"ಮೊಟ್ಟೆ ಎಷ್ಟು ದಿನ ಹೊರುತ್ತಾಳೆ?"
"ಮೇ ಕೊನೇತನಕ."
ತಲೆಯಾಡಿಸಿದ. ಇನ್ನೊಂದು ಬೂಟು ಸುರಿದ.
"ನನ್ನ ಗಾಡಿಯ ಕಂತು ಹದಿನೈದಕ್ಕೆ," ಅಂದ.