ನಾನೂರ ಅರವತ್ತು

ಅಂಗಡಿಯ ಗಾಜಿನ ಹಿಂದೆ ನಿಂತಿದ್ದ ಸೈಕಲ್ಲಿನ ಬೆಲೆ
ನನ್ನ ನಾಲ್ಕು ತಿಂಗಳ ಸಂಬಳ.
ಒಳಗೆ ಹೋಗಿ ಒಂದು ಬೆರಳಿಂದ ಮುಟ್ಟಿ ಬಂದೆ.
ಮುಟ್ಟಿದ್ದಕ್ಕೆ ದುಡ್ಡಿಲ್ಲವಲ್ಲ.

ಲಿಯೆಪಾಯದಲ್ಲಿ ಟ್ರಾಮ್ ಓಡಿಸುತ್ತೇನೆ,
ಹತ್ತೊಂಬತ್ತು ವರ್ಷ, ಒಂದೇ ಮಾರ್ಗ,
ಹೋದರೆ ಆ ತುದಿ, ಬಂದರೆ ಈ ತುದಿ.
ಟ್ರಾಮಿಗೆ ಸ್ಟಿಯರಿಂಗ್ ಇರುವುದಿಲ್ಲ, ಗೊತ್ತೆ ನಿಮಗೆ?
ಇರುವುದು ಎರಡೇ: ಹೋಗು, ನಿಲ್ಲು.

ಪಾವಿಲೊಸ್ತದ ದಂಡೆಯಲ್ಲಿ
ಗಾಳಿಯ ಜೊತೆ ಜಗಳವಾಡಿ ಸೋತವರು ಎಸೆದ
ಹಾಯಿಹಲಗೆಯ ಕಾರ್ಬನ್ ಕಂಬಗಳು.
ಬೇಲಿಗೆ ಬಾರವು, ಒಲೆಗೆ ಬಾರವು.
ಎರಡು ಬಾಟಲಿ ಬಿಯರಿಗೆ ವಿಲ್ನಿಸ್ ನಾಲ್ಕು ಕೊಟ್ಟ.
‘ಏನಕ್ಕೆ ವೆಲ್ಗಾ, ಬೀನ್ಸ್ ಬಳ್ಳಿ ಹಬ್ಬಿಸೋಕಾ?’
ಹೂಂ ಅಂದೆ.

ಹಳೆಯ ವೇಳಾಪಟ್ಟಿಯ ಬೆನ್ನಿಗೆ ಲೆಕ್ಕ ಬರೆದೆ.
ಕರಿಯ ನೇಯ್ಗೆ ಬಟ್ಟೆ, ಮೂರು ಮೀಟರು. ಅಂಟು.
ಅಂಟನ್ನು ಗಟ್ಟಿ ಮಾಡುವ ಇನ್ನೊಂದು ಅಂಟು.
ಗಾಲಿಗಳು ಅಣ್ಣನ ಮಗನವು, ಅವನಿಗೀಗ ಮೋಟಾರಿನ ಹುಚ್ಚು.
ಮುಂದಿನ ಕವೆಯೊಂದನ್ನು ಮಾತ್ರ
ಕಂಪನಿಯದೇ ಕೊಂಡೆ, ಸೆಕೆಂಡ್‌ಹ್ಯಾಂಡ್.
ನನ್ನ ಹಲ್ಲುಗಳ ಮೇಲೆ ನನಗಿನ್ನೂ ಆಸೆಯಿದೆ.

ಗರಗಸ ಹಾಕಿದರೆ ಏಳುವುದು ಹೊಟ್ಟಲ್ಲ, ಕಾಡಿಗೆ.
ಮುಖವಾಡ ಹಾಕಿಯೂ ದಿಂಬು ಮೂರು ವಾರ ಕಪ್ಪು.
ಕೊಳವೆಯ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆದು
ಇನ್ನೊಂದು ಕೊಳವೆಗೆ ಕಚ್ಚಿಸಿ,
ಕೂಡುವಲ್ಲೆಲ್ಲ ನೆಂದ ಬಟ್ಟೆ ಸುತ್ತಿ,
ಬಾಣಂತಿಗೆ ಹೊಟ್ಟೆ ಕಟ್ಟಿದ ಹಾಗೆ
ಟೇಪು ಬಿಗಿದು, ಟೇಪಿಗೆ ಸೂಜಿ ಚುಚ್ಚಿ
ಹೆಚ್ಚಾದ ಅಂಟು ಮಣಿಮಣಿಯಾಗಿ ಬೆವರುವುದನ್ನು
ನೋಡುತ್ತ ಕೂತೆ.

ಫೆಬ್ರವರಿ. ಶೆಡ್ಡಿನ ಚಳಿಗೆ
ಅಂಟು ಒಣಗಿತು, ಕಲ್ಲಾಗಲೊಲ್ಲದು.
ಪಕ್ಕದ ಬಿರೂತಾ ಅಂದಳು:
ಶನಿವಾರ ನಮ್ಮ ಬಿಸಿಮನೆಗೆ ತಾ, ನಾಚಿಕೆ ಯಾಕೆ.

ಎಲ್ಲಕ್ಕಿಂತ ಮೇಲಿನ ಹಲಗೆ, ಅತಿ ಬಿಸಿಯ ಜಾಗ,
ಮನೆಯ ಹಿರಿಯಳ ಜಾಗ. ಅಲ್ಲಿ ಮಲಗಿತು ಅದು.
ಕೆಳಗೆ ನಾವು ಮೂವರು ಹೆಂಗಸರು, ಮೈಮೇಲೆ ನೂಲಿಲ್ಲದೆ,
ಆ ದಿನ ಕಲ್ಲಿಗೆ ನೀರೂ ಎರಚದೆ,
ಅದರ ಜ್ವರ ನೋಡುತ್ತ: ಐವತ್ತೆಂಟು, ಅರವತ್ತು.
ಬಿರೂತಾಳ ತಾಯಿ, ಎಂಬತ್ತಾರರ ಮುದುಕಿ,
ಬರ್ಚ್ ಸೊಪ್ಪಿನ ಕಟ್ಟಿನಿಂದ ನಮಗೆ ಹೊಡೆದಂತೆ
ಅದಕ್ಕೂ ಎರಡು ಹೊಡೆದಳು:
‘ಗಟ್ಟಿಯಾಗಿರೋ, ಕರಿಯ.’

ಗಡಿಗೆ ಕೊಳ್ಳುವವಳ ಹಾಗೆ
ನಾಣ್ಯದಿಂದ ಮೈಯೆಲ್ಲ ತಟ್ಟಿದೆ.
ಟಿಣ್, ಟಿಣ್, ಟಿಣ್.
ಪೆಡಲಿನ ಅಚ್ಚು ಕೂರುವಲ್ಲಿ: ದಬ್.
ಇನ್ನೊಮ್ಮೆ ತಟ್ಟಿದೆ, ಮೆಲ್ಲಗೆ, ಬೇಡಿಕೊಳ್ಳುವಂತೆ.
ದಬ್.

ಕೊರೆದು ತೆಗೆದೆ. ಒಳಗೊಂದು ಗಾಳಿಗುಳ್ಳೆ,
ಗುಳ್ಳೆಯ ಪಕ್ಕ ನನ್ನದೇ ಒಂದು ನರೆಗೂದಲು.
ಮೂವತ್ತೆಂಟು ಯೂರೊ ನೀರುಪಾಲು.
ಆ ದಿನ ಬೇಡದ ತಿರುವಲ್ಲೂ ಟ್ರಾಮಿನ ಗಂಟೆ ಬಾರಿಸಿದೆ.
ಮತ್ತೆ ಸುತ್ತಿದೆ. ಮತ್ತೆ ಶನಿವಾರ. ಮತ್ತೆ ಮುದುಕಿಯ ಎರಡೇಟು.

ಜೂನಿನಲ್ಲಿ ಹೊರಟೆ ಉತ್ತರಕ್ಕೆ,
ಎರಡು ಕಡಲು ಕೂಡುವ ಕೋಲ್ಕದ ತುದಿಗೆ.
ಜಲ್ಲಿದಾರಿ ಒಗೆಯುವ ಕಲ್ಲಿನ ಹಾಗೆ
ಮೂಳೆಮೂಳೆಯನ್ನೂ ಒಗೆಯಿತು.
ಹಾಸಿಗೆ ಇದ್ದಷ್ಟೇ ಕಾಲು:
ಚೀಲದಲ್ಲಿ ಹಿಡಿದದ್ದು ಗಿಡ್ಡ ಹಾಸಿಗೆ,
ಪೈನ್ ಮರಗಳ ಕೆಳಗೆ ಮಂಡಿ ಮಡಚಿ ಮಲಗಿದೆ.
ರಾತ್ರಿಯೆಂಬುದು ಪೂರ್ತಿ ಆಗಲೇ ಇಲ್ಲ.

ಮಾಜಿರ್ಬೆಯಲ್ಲಿ ರೊಟ್ಟಿ ಕೊಳ್ಳುವಾಗ
ಹೊಳೆವ ಸೈಕಲ್ಲಿನ ಹುಡುಗನೊಬ್ಬ ಬಗ್ಗಿ ನೋಡಿದ.
ಕೊಳವೆಯ ಮೇಲೆ ಕಂಬದ ಹಳೆಯ ಅಳತೆ
ನಾನು ಉಜ್ಜದೆ ಬಿಟ್ಟದ್ದು: 460.
‘ಇದು ಮಾಡೆಲ್ಲಾ?’
ಹೌದು.
‘ಮುಂದಿನದು ಯಾವಾಗ ಬರುತ್ತೆ?’
ಯಾರಾದರೂ ಮುರಿದಾಗ.

ಒಟ್ಟು ಆರುನೂರ ಹನ್ನೊಂದು ಯೂರೊ, ಬಿಯರು ಸೇರಿ.
ತೂಕ ಅಂಗಡಿಯದಕ್ಕಿಂತ ಒಂದು ಕುಂಬಳಕಾಯಿ ಹೆಚ್ಚು.

ಇನ್ನೊಂದು ಹೇಳಲೇಬೇಕು.
ಹಾಯಿ ಹೊತ್ತ ಕಾಲದ ಒಂದು ಸಣ್ಣ ತೂತು
ಕೊಳವೆಯಲ್ಲಿ ಹಾಗೇ ಉಳಿದಿದೆ.
ಕಡಲಗಾಳಿ ಪಕ್ಕದಿಂದ ಬಂದರೆ ಅದು ಊಳಿಡುತ್ತದೆ,
ಹಳೆಯ ಒಡೆಯನ ದನಿ ಕೇಳಿದ ನಾಯಿಯಂತೆ.
ಮೊದಲ ಇಪ್ಪತ್ತು ಮೈಲಿ ಕಣ್ಣು ತುಂಬಿ ಕೇಳಿದೆ.
ಆಮೇಲೆ ತಲೆನೋವು ಬಂತು,
ನಿಲ್ಲಿಸಿ ಟೇಪು ಹಚ್ಚಿದೆ.