ಹನ್ನೊಂದು ಡಿಗ್ರಿ

ಮೈಸೂರಿನ ಆಫೀಸಿನಲ್ಲಿ, ಫ್ಯಾನಿನ ಕೆಳಗೆ,
ಗೆರೆ ನೇರವಾಗಿಯೇ ಇತ್ತು.
ನಲವತ್ತೇಳನೆಯ ಗೋಪುರಕ್ಕೆ ಕಿರುಗಾವಲಿನಾಚೆ
ಒಂದು ಚುಕ್ಕಿ ಇಟ್ಟು ಕಾಫಿಗೆ ಎದ್ದಿದ್ದೆ.

ಚುಕ್ಕಿಯ ಮೇಲೆ ಕೆಂಪಾಜಮ್ಮ ಕೂತಿದ್ದಳು,
ಮಡಿಲಲ್ಲಿ ಕುಡುಗೋಲು.
"ನಮ್ಮತ್ತೆ ಮಲಗವ್ಳೆ ಇಲ್ಲಿ. ನಿನ್ ಕಂಬಕ್ಕೆ
ಕಾಲೂರಕ್ಕೆ ಬ್ಯಾರೆ ಜಾಗ ಸಿಕ್ನಿಲ್ವಾ?"

ಗುಡ್ಡೆ ಅಂಥ ದೊಡ್ಡದೇನಲ್ಲ. ಒಂದು ಮಾರು ಮಣ್ಣು,
ತಲೆಯ ಕಡೆ ಒಂದು ಕಲ್ಲು,
ಕಲ್ಲಿಗೆ ಹೋದ ಪಕ್ಷದ ಕುಂಕುಮ.
ನಕ್ಷೆಯಲ್ಲಿ ಅದಕ್ಕೆ ಗುರುತಿಲ್ಲ.

ಗೆರೆ ಬಾಗಿಸಿದೆ.

ಹೇಳುವುದು ಸುಲಭ. ನೇರ ಸಾಲಿನ ಗೋಪುರ
ಬರೀ ಹೊರುತ್ತದೆ: ತಂತಿಯ ತೂಕ, ಹಕ್ಕಿಯ ತೂಕ.
ತಿರುವಿನಲ್ಲಿ ನಿಂತದ್ದನ್ನು ಎರಡೂ ಕಡೆಯಿಂದ ಎಳೆಯುತ್ತಲೇ ಇರುತ್ತದೆ ಸಾಲು,
ಗಾಳಿ ಸತ್ತ ಮಧ್ಯಾಹ್ನವೂ.
ಹೊರಮಗ್ಗುಲಿನ ಎರಡು ಕಾಲು
ನೆಲ ಬಿಟ್ಟು ಏಳಲು ನೋಡುತ್ತವೆ;
ಅವಕ್ಕೆ ಕಾಂಕ್ರೀಟಿನ ಪಾದ,
ಗದ್ದೆಯ ಕೆಸರಿಗೆ ಇನ್ನೂ ಅಗಲ, ಇನ್ನೂ ಆಳ.

"ಎರಡು ಟನ್ ಉಕ್ಕು ಜಾಸ್ತಿ," ಎಂದರು ಸಂಪಂಗಿರಾಮ್ ಸಾರ್
ಕನ್ನಡಕ ಹಣೆಗೇರಿಸಿ.
ಸ್ವಲ್ಪ ಹೊತ್ತು ಬಿಟ್ಟು, "ಯಾರ ಗುಡ್ಡೆ ಅದು?"

ನಮ್ಮ ಕಸುಬಿನಲ್ಲಿ ಒಂದು ಲೆಕ್ಕವಿದೆ:
ತಂತಿ ಕಟ್ಟುವ ಮೊದಲೇ
ಅದು ಕಡಿದ ದಿನವನ್ನು ಬರೆದಿಡಬೇಕು.
ಒಂದು ಎಳೆ ಹರಿದು ಬಿದ್ದಾಗ
ಉಳಿದವುಗಳ ನಡುವೆ ಮೈ ತಿರುಚಿಕೊಂಡಾದರೂ
ನಿಂತಿರಬೇಕು ಅದು.
ಈ ಪುಟವನ್ನು ನಾನು ಯಾವಾಗಲೂ ಬೆಳಿಗ್ಗೆ ಮಾಡುತ್ತೇನೆ.

ಮತ್ತೆ ಹೋದೆ, ಜೋಲಿನ ಲೆಕ್ಕಕ್ಕೆ.
ಬಿಗಿದರೆ ಮಾಗಿಯ ಚಳಿಗೆ ಸೆಟೆಯುತ್ತದೆ,
ಬಿಟ್ಟರೆ ಶಿವರಾತ್ರಿ ಕಳೆದ ಬಿಸಿಲಿಗೆ
ಒದ್ದೆ ಸೀರೆಯ ಹಗ್ಗದಂತೆ ಜೋತು ಬೀಳುತ್ತದೆ.
ಕಬ್ಬಿನ ಗಾಡಿಯ ಎತ್ತರ ನನ್ನ ಹಾಳೆಯಲ್ಲಿತ್ತು.
ಹೊರೆಯ ಮೇಲೆ ನಿಂತು ಹಗ್ಗ ಬಿಗಿಯುವ
ಅವಳ ಮಗ ಇರಲಿಲ್ಲ.
ಅವನು ಕೈ ಎತ್ತಿ ಯಾರನ್ನೋ ಕೂಗಿದ.
ಆ ಕೈಯನ್ನು ಟೇಪು ಹಿಡಿದು ಅಳೆಯುವುದು ಹೇಗೆ?
ಒಂದು ಮೀಟರ್ ಸೇರಿಸಿದೆ,
ಕಾರಣದ ಕಾಲಂ ಖಾಲಿ ಬಿಟ್ಟು.

ಮೊನ್ನೆ ಫೋನು.
"ಗುಂಯ್ ಅಂತದೆ ಕಣವ್ವ ನಿನ್ ಕಂಬ, ಸರೊತ್ನಲ್ಲೂ.
ನಮ್ಮತ್ತೆ ಮೊದ್ಲೇ ನಿದ್ದೆಗೇಡಿ."
ಗಾಳಿ, ಎಂದೆ.
ಇಟ್ಟ ಮೇಲೆ ಹಳೆಯ ಹಾಳೆ ತೆಗೆದು ನೋಡಿದೆ.
ಗಾಳಿಗೆ ವೇಗ ಬರೆದಿದ್ದೆ, ದಿಕ್ಕು,
ಚದರ ಮೀಟರಿಗೆ ಇಷ್ಟು ಕಿಲೋ ಎಂಬ ಭಾರ.

ಸದ್ದು ಬರೆದಿರಲಿಲ್ಲ.